ಆಗಸ್ಟಿನ ಅಂಕ

ಪ್ರತಿ ಆಗಸ್ಟಿನಲ್ಲಿ ನಮ್ಮ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಡಾಕ್ಟರು ನೆನಪಿನ ಪರೀಕ್ಷೆ ಮಾಡುತ್ತಾರೆ. ಮುಂದೆ ತಲೆಗೆ ಪೆಟ್ಟು ಬಿದ್ದವನಿಗೆ ಅದೇ ಪರೀಕ್ಷೆ ಮತ್ತೆ. ಮೊದಲಿಗಿಂತ ಅಂಕ ಕುಸಿದರೆ ಅವನು ಆಟದಿಂದ ಹೊರಗೆ. ಅದಕ್ಕೇ ನಾವೆಲ್ಲ ಆಗಸ್ಟಿನಲ್ಲೇ ಬೇಕಂತ ತಪ್ಪು ಉತ್ತರ ಕೊಡುತ್ತೇವೆ. ಈ ವರ್ಷ ಸೋತು ಸುಣ್ಣವಾದ ತಂಡ ನಮ್ಮದು. ಇಂಥ ಬುದ್ಧಿಗೆ ಮಾತ್ರ ಬರವಿಲ್ಲ.

ನವೆಂಬರಿನ ಕೊನೆಯ ಪಂದ್ಯ. ಒಹಾಯೊದ ಹೆಪ್ಪುಗಟ್ಟಿದ ಮೈದಾನದಲ್ಲಿ ನನ್ನ ರೂಮಿನ ಡಾರ್ನೆಲ್, ಎದುರಾಳಿಯ ಹೆಲ್ಮೆಟ್ಟಿಗೆ ತಲೆ ಬಡಿದು ಬಿದ್ದ. ಡಾಕ್ಟರು ಅವನನ್ನು ಪಕ್ಕಕ್ಕೆ ಕೂರಿಸಿ ಪರೀಕ್ಷಿಸಿದರು. ಅಂಕ ಆಗಸ್ಟಿನಷ್ಟೇ ಬಂತು.

"ಏನೂ ಆಗಿಲ್ಲ, ಆಡ್ಲಿ," ಅಂದರು.

"ಭಲೇ ಮಗನೇ, ಡಾಕ್ಟರಿಗೇ ಟೋಪಿ ಹಾಕಿದ್ಯಲ್ಲೋ!" ಎಂದು ನಾನು ಅವನ ಬೆನ್ನು ತಟ್ಟಿದೆ.

ಡಾರ್ನೆಲ್ ಹೆಲ್ಮೆಟ್ ಹಾಕಿಕೊಂಡು ಮೈದಾನವನ್ನೇ ನೋಡುತ್ತ ನಿಂತ.

"ಇದ್ರಲ್ಲಿ ನಮ್ಮ ತಂಡ ಯಾವ್ದೋ?"