ಮಾತ್ರೆಗೆ ಮುಯ್ಯಿ ಇಲ್ಲ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಗುರುವಪ್ಪನ ದೊಡ್ಡ ಸೊಸೆ ನೀಲಾವತಿಗೆ ಕೆಮ್ಮು ಹಿಡಿದು ಬಿಡಲೇ ಇಲ್ಲ. ಊರವರು ಶೀತ ಅಂದರು, ಕರಿಮೆಣಸಿನ ಕಷಾಯ ಅಂದರು. ವಿರಾಜಪೇಟೆಯ ಡಾಕ್ಟರು ಕಫ ನೋಡಿ ಕ್ಷಯ ಅಂದರು. ಅಂದಿನಿಂದ ಅವಳ ಚಾಪೆ, ತಟ್ಟೆ, ಲೋಟ ಹೊರಜಗಲಿಗೆ ಬಂದವು. ಅವಳ ಪುಟ್ಟ ಮಗಳು ಚಿನ್ನ ಮಾತ್ರ ಒಳಗೇ ಉಳಿಯಿತು. ಬಾಗಿಲಲ್ಲಿ ನಿಂತು ಅಮ್ಮನನ್ನು ನೋಡುವುದು, ಅಳುವುದು, ಅಷ್ಟೇ.

ಆಗಲೇ ಆಸ್ಪತ್ರೆಯಲ್ಲಿ ಒಂದು ಮದ್ದಿನ ಪ್ರಯೋಗ ಶುರುವಾಗುವುದಿತ್ತು. ಕ್ಷಯಕ್ಕೆ ಎರಡು ಬಗೆಯ ಮದ್ದು. ಎರಡೂ ಮದ್ದು ರೋಗಕ್ಕೆ ನಾಟುವಂಥವೇ. ಯಾವುದು ಹೆಚ್ಚು ಒಳ್ಳೆಯದೆಂದು ಮಾತ್ರ ಇನ್ನೂ ತಿಳಿಯಬೇಕಿತ್ತು. ರೋಗಿಗಳ ಮನೆಗೆ ಹೋಗಿ ವಿಷಯ ತಿಳಿಸಲು ಊರಿನ ಹೆಂಗಸರಿಗೇ ತರಬೇತಿ ಕೊಟ್ಟರು. ಗುರುವಪ್ಪನ ಕಿರಿ ಸೊಸೆ ಸರೋಜ ದಿನಾ ಬಸ್ಸು ಹತ್ತಿ ಹೋಗಿ ಕಲಿತಳು.

"ಪ್ರಯೋಗ ಅಂದ್ರೆ ಎಂತ? ನಮ್ಮನ್ನ ಹಿಡ್ದು ಪರೀಕ್ಷೆ ಮಾಡುದಾ?" ಗುರುವಪ್ಪ ದಿನಾ ಸಂಜೆ ಕೇಳುತ್ತಿದ್ದ.

"ಹಂಗಲ್ಲ ಮಾವ."

"ಮತ್ತೆಂಗೆ?"

ಸರೋಜ ಬಾಯಿಪಾಠ ಒಪ್ಪಿಸುತ್ತಿದ್ದಳು. ಮಾವ ಆಕಳಿಸುತ್ತಿದ್ದ.

ತರಬೇತಿಯ ಕೊನೆಗೆ ನರ್ಸ್ ಯಮುನ ಹೇಳಿದರು, "ಎಲ್ಲರೂ ಮನೆಯಿಂದ ಒಬ್ಬರನ್ನು ಕರ್ಕೊಂಡು ಬನ್ನಿ. ರೋಗಿಗೆ ಹೇಳಿದ ಹಾಗೆ ಅವರಿಗೆ ಹೇಳಿ. ನಾವು ಕೇಳ್ತೇವೆ." ಸರೋಜ ಮಾವನನ್ನೇ ಕರೆದುಕೊಂಡು ಹೋದಳು. ಅವನು ಒಗೆದ ಅಂಗಿ ತೊಟ್ಟು ಬಂದ.

ಸರೋಜ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿ ಮುಗಿಸಿ, "ಒಪ್ಪಿಗೆಯಾ ಮಾವ?" ಅಂದಳು.

"ಒಪ್ಪಿಗೆ," ಅಂದ ಗುರುವಪ್ಪ ತಕ್ಷಣ. ನಾಲ್ಕು ಜನರ ಮುಂದೆ ಸೊಸೆಯ ಮಾತು ತೆಗೆದುಹಾಕುವುದುಂಟೇ?

ಸರೋಜ ನಕ್ಕಳು. ಯಮುನ ನಗಲಿಲ್ಲ.

"ಗುರುವಪ್ಪಣ್ಣ, ಸರೋಜ ಹೇಳಿದ್ದು ನಿಮ್ಗೆ ಎಂತ ತಿಳೀತು? ನಿಮ್ಮ ಮಾತಲ್ಲೇ ಹೇಳಿ ನೋಡುವ."

"ಅದೆಂತ ದೊಡ್ಡ ವಿಷಯ? ನಮ್ಮ ಮನೆಗೆ ಒಂದು ಬಗೆ ಮಾತ್ರೆ ಬರ್ತದೆ. ಆಚೆಮನೆ ಪೊನ್ನಪ್ಪಂಗೂ ಇದೇ ಸೀಕು, ಅವಂಗೆ ಇನ್ನೊಂದು ಬಗೆ. ನಾವು ಎರಡನ್ನೂ ಬೆರ್ಸಿ ಸಮ ಪಾಲು ಮಾಡ್ತೇವೆ. ನಾಟಿಗೆ ಅವ ನಮ್ಮ ಗದ್ದೆಗೆ ಬರುದು, ನಾವು ಅವನ ಗದ್ದೆಗೆ ಹೋಗುದು ಇಲ್ವಾ? ಮುಯ್ಯಾಳು! ಯಾರಿಗೂ ಮೋಸ ಇಲ್ಲೆ."

ತರಬೇತಿಗೆ ಬಂದಿದ್ದವರೆಲ್ಲ ಗೊಳ್ಳೆಂದು ನಕ್ಕರು. ಸರೋಜಳ ಮುಖ ಬಾಡಿತು.

"ನಗ್ಬೇಡಿ," ಅಂದರು ಯಮುನ. "ಮಾತ್ರೆ ಮನೆಗೆ ಹೋದ ಮೇಲೆ ಇದು ಗೊತ್ತಾಗಿದ್ರೆ ಎಂತ ಗತಿ? ಗುರುವಪ್ಪಣ್ಣ, ಅರ್ಧಂಬರ್ಧ ಮದ್ದು ತಗೊಂಡ್ರೆ ರೋಗ ಸಾಯುದಿಲ್ಲ, ಗಟ್ಟಿಯಾಗ್ತದೆ. ಆಮೇಲೆ ಯಾವ ಮದ್ದೂ ನಾಟುದಿಲ್ಲ. ನಿಮ್ಮ ಸೊಸೆಗೂ ಕಷ್ಟ, ಪೊನ್ನಪ್ಪಂಗೂ ಕಷ್ಟ."

ಗುರುವಪ್ಪನ ಮನಸ್ಸಿನಲ್ಲಿದ್ದದ್ದು ಹೊರಗೆ ಬಂತು. "ಹಂಗಾರೆ ಯಾವ ಮದ್ದು ಜಾಸ್ತಿ ಒಳ್ಳೇದು? ಅದನ್ನೇ ನೀಲಾವತಿಗೆ ಕೊಡಿ."

ಸರೋಜ ಯಮುನರ ಮುಖ ನೋಡಿದಳು. ಯಮುನ 'ನೀನೇ ಹೇಳು' ಎಂಬಂತೆ ತಲೆ ಆಡಿಸಿದರು.

"ಗೊತ್ತಿಲ್ಲೆ ಮಾವ," ಅಂದಳು ಸರೋಜ ಮೆಲ್ಲಗೆ. "ಡಾಕ್ಟ್ರಿಗೂ ಗೊತ್ತಿಲ್ಲೆ. ಅದಕ್ಕೇ ಈ ಪ್ರಯೋಗ. ಯಾರಿಗೆ ಯಾವ್ದು ಅಂತ ಚೀಟಿ ಎತ್ತಿದ ಹಾಗೆ ಬರುದು."

"ಗೊತ್ತಿಲ್ಲೆ ಅಂತ ಹೇಳುಕೆ ಇಷ್ಟು ದಿನ ಬಸ್ಸು ಹತ್ತಿದ್ಯಾ?"

"ಹೌದು ಮಾವ. ಅದನ್ನೇ ಕಲ್ತದ್ದು."

"ನಡುವಲ್ಲಿ ಬೇಡ ಅಂತ ಕಂಡ್ರೆ? ಆಸ್ಪತ್ರೆಯಿಂದ ಓಡಿಸ್ತೀರಾ?"

"ಇಲ್ಲ," ಅಂದರು ಯಮುನ. "ಯಾವತ್ತು ಬೇಕಾದ್ರೂ ಬಿಡಬಹುದು. ಬಿಟ್ರೂ ಆಸ್ಪತ್ರೆ ಮದ್ದು ಕೊಡ್ತದೆ."

"ಹಂಗಾರೆ ಈಗ ನಿಜವಾಗಿ ಒಪ್ಪಿಗೆ."

"ಮಾತ್ರೆ ನುಂಗುದು ನೀವಾ?" ಅಂದರು ಯಮುನ.

ಗುರುವಪ್ಪ ತಲೆ ಕೆರೆದುಕೊಂಡ. ಇಷ್ಟು ದಿನ ನೀಲಾವತಿಯನ್ನು ಯಾರೂ ಕೇಳಿಯೇ ಇರಲಿಲ್ಲ.

ಮರುದಿನ ಸರೋಜ ಹೊರಜಗಲಿಯ ಮೆಟ್ಟಿಲಲ್ಲಿ ಕೂತು ವಾರಗಿತ್ತಿಗೆ ಎಲ್ಲವನ್ನೂ ನಿಧಾನವಾಗಿ ಹೇಳಿದಳು. ಮಾತ್ರೆ ಹಂಚಬಾರದು ಎಂದಳು. ಹೊಟ್ಟೆ ತೊಳೆಸಿದರೂ, ಕಣ್ಣು ಮಂಜಾದರೂ ಮುಚ್ಚಿಡದೆ ಹೇಳಬೇಕು ಎಂದಳು. ನೀಲಾವತಿ ತನ್ನದೇ ಮಾತಿನಲ್ಲಿ ತಿರುಗಿ ಹೇಳಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಚಿನ್ನನ್ನ ಯಾವಾಗ ಎತ್ಕೊಳ್ಳಬಹುದು?"

ಸರೋಜಳಿಗೆ 'ಬೇಗ ಅಕ್ಕ' ಅನ್ನುವ ಆಸೆ. ನುಂಗಿಕೊಂಡಳು. "ಗೊತ್ತಿಲ್ಲೆ ಅಕ್ಕ. ಕಫ ನೋಡಿ ಡಾಕ್ಟ್ರೇ ಹೇಳ್ಬೇಕು. ನಾನು ಕೇಳ್ಕೊಂಡು ಬರ್ತೇನೆ."

ನೀಲಾವತಿ ಬಾಗಿಲ ಕಡೆ ನೋಡಿದಳು.

"ಎಲ್ಲರೂ 'ನಾಳೆ, ನಾಡಿದ್ದು' ಅಂತ ನನ್ನ ಸಮಾಧಾನ ಮಾಡಿದ್ದೇ ಮಾಡಿದ್ದು. ಗೊತ್ತಿಲ್ಲೆ ಅಂದದ್ದು ನೀನೊಬ್ಳೇ. ನಾನು ಸೇರ್ತೇನೆ."

ಅಷ್ಟರಲ್ಲಿ ಗುರುವಪ್ಪ ಆಚೆಮನೆಯ ಬೇಲಿಯ ಹತ್ತಿರ ಕೂಗುತ್ತಿದ್ದುದು ಕೇಳಿಸಿತು. "ಓ ಪೊನ್ನಪ್ಪ! ನಾಟಿಗೆ ನಾ ಬರ್ತೇನೆ, ಸೀಕು ವಾಸಿ ಆದ್ಮೇಲೆ ನೀನೂ ಬಾ. ಮಾತ್ರೆಗೆ ಮಾತ್ರ ಮುಯ್ಯಿ ಇಲ್ಲೆ, ಗೊತ್ತಾತಾ?"

ಬಾಗಿಲಲ್ಲಿ ನಿಂತ ಚಿನ್ನ ಕೈ ಬೀಸಿತು. ನೀಲಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕೂತಲ್ಲಿಂದಲೇ ಕೈ ಬೀಸಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಹೊಸ ಮದ್ದಿನ ವಿಷಯ ಹೇಳಲು ಯಾರಾದರೂ ಬರಬಹುದು. ಮರ್ಯಾದೆಗೆಂದು ತಲೆ ಆಡಿಸಬೇಡಿ. ತಿಳಿಯದಿದ್ದರೆ ಮತ್ತೆ ಕೇಳಿ. ತಿಳಿದದ್ದನ್ನು ನಿಮ್ಮ ಮಾತಿನಲ್ಲಿ ಅವರಿಗೇ ತಿರುಗಿ ಹೇಳಿ. ಸೇರುವುದೂ ಬಿಡುವುದೂ ಮದ್ದು ನುಂಗುವವರ ಇಷ್ಟ. ಹೇಳಲು ಹೋಗುವವರು ನೀವೇ ಆದರೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಜನ ನಂಬುವುದು ಅದನ್ನೇ.