ಮಾವನ ಬೆಟ್ಟ, ಸೊಸೆಯ ಪ್ಲಾಸ್ಟರ್

ಊರಿಗೆ ಊರೇ ಬಾಗಿಲು ಹಾಕಿಕೊಂಡ ಹತ್ತನೆಯ ದಿನ ಮಾವ ಊಟದ ಮೇಜನ್ನು ವಶಪಡಿಸಿಕೊಂಡರು. ಯಾರನ್ನೂ ಕೇಳಲಿಲ್ಲ. ಬೆಳಗ್ಗೆ ಸೊಸೆ ಚಹಾ ಲೋಟ ಇಡಲು ಹೋದರೆ ಮೇಜಿನ ಮೇಲೆ ಹಲಗೆ, ಹಲಗೆಯ ಮೇಲೆ ಸೀಮೆಸುಣ್ಣದ ಗೆರೆ, ಗೆರೆಯ ತುದಿಯಲ್ಲಿ ಮಾವ. "ಲೋಟ ಆ ಕಡೆ ಇಡಮ್ಮ, ಇದು ಮೇನ್ ಲೈನು" ಎಂದರು. ಅಂದಿನಿಂದ ಮನೆಯ ನಾಲ್ಕು ಜನವೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವಂತಾಯಿತು.

ಮಾವ ನಿವೃತ್ತ ಹಳಿ ಇನ್ಸ್‌ಪೆಕ್ಟರು. ಮೂವತ್ನಾಲ್ಕು ವರ್ಷ ರೈಲು ಹಳಿಯ ಪಕ್ಕದಲ್ಲಿ ನಡೆದು, ಉದ್ದ ಹಿಡಿಯ ಸುತ್ತಿಗೆಯಿಂದ ಕಬ್ಬಿಣ ತಟ್ಟಿ, ಸದ್ದಿನಿಂದಲೇ ಎಲ್ಲಿ ಸಡಿಲ, ಎಲ್ಲಿ ಬಿರುಕು ಎಂದು ಹೇಳುತ್ತಿದ್ದವರು. ನಿವೃತ್ತಿಯಾದ ಮೇಲೆ ತಟ್ಟುವುದಕ್ಕೆ ಹಳಿ ಸಿಗದೆ ಮನೆಯವರನ್ನೇ ತಟ್ಟಿ ನೋಡುತ್ತಿದ್ದರು. ಮಗನ ಶಿಸ್ತು ಸಡಿಲ, ಹೆಂಡತಿಯ ನೆನಪು ಸಡಿಲ. ಸೊಸೆಯ ಕೆಲಸವನ್ನಂತೂ ಅವರು ಕೆಲಸ ಎಂದೇ ಒಪ್ಪಿರಲಿಲ್ಲ. ಬೀಳ್ಕೊಡುಗೆಯ ದಿನ ಜೊತೆಯವರೆಲ್ಲ ಸೇರಿ ಕೊಟ್ಟಿದ್ದ ಪುಟ್ಟ ರೈಲಿನ ಪೆಟ್ಟಿಗೆ ಎಂಟು ವರ್ಷ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಈಗ ಅದು ಕೆಳಗಿಳಿದಿತ್ತು.

ಸೊಸೆ ಕೃತಕ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಹದಿನಾರು ವರ್ಷದಿಂದ ಇದ್ದಳು. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲು ಕೂಡಿಸಿ, ಕೊನೆಗೆ ಅದನ್ನು ಬಾಯಲ್ಲಿ ನಿಲ್ಲುವಂತೆ ಮಾಡುವವಳು ಇವಳು. ಹೆಸರು ಮಾತ್ರ ಡಾಕ್ಟರದು. ಮಾವ ಇದನ್ನು "ಹಲ್ಲು ಅಂಟಿಸೋದು" ಎನ್ನುತ್ತಿದ್ದರು. ಲಕೋಟೆಗೆ ಸ್ಟಾಂಪು ಅಂಟಿಸುವುದಕ್ಕೂ ಇದಕ್ಕೂ ಅವರ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ.

ಲ್ಯಾಬಿಗೆ ಬೀಗ ಹಾಕುವಾಗ ಯಜಮಾನ, ಇಲ್ಲಿದ್ದರೆ ತೇವ ಹಿಡಿದು ಹಾಳಾಗುತ್ತದೆಂದು ಒಂದು ಮೂಟೆ ಪ್ಲಾಸ್ಟರನ್ನು ಅವಳ ಜೊತೆ ಕಳಿಸಿದ್ದ. ಬಾಲ್ಕನಿಯ ಮೂಲೆಯಲ್ಲಿ ಜೋಪಾನವಾಗಿ ಇಟ್ಟಿದ್ದಳು. ಮೂರನೆಯ ವಾರ ನೋಡಿದರೆ ಮೂಟೆಯ ಚೀಲ ಅಚ್ಚುಕಟ್ಟಾಗಿ ಮಡಿಸಿಟ್ಟಿತ್ತು. ಒಳಗಿದ್ದದ್ದು ಊಟದ ಮೇಜಿನ ಮೇಲೆ ಬೆಟ್ಟವಾಗಿ ನಿಂತಿತ್ತು.

"ಮಾವ, ಅದು ಲ್ಯಾಬಿನ ಪ್ಲಾಸ್ಟರು."

"ಮೂಲೇಲಿ ಬಿದ್ದಿತ್ತು."

"ಬಿದ್ದಿರಲಿಲ್ಲ, ನಾನು ಇಟ್ಟಿದ್ದೆ."

"ಇಟ್ಟಿದ್ದಕ್ಕೂ ಬಿದ್ದಿದ್ದಕ್ಕೂ ಏನಮ್ಮ ವ್ಯತ್ಯಾಸ? ನಿಮ್ಮ ಹಲ್ಲಂಗಡಿ ಇನ್ನೆರಡು ತಿಂಗಳು ತೆಗೆಯೋ ಹಾಗಿಲ್ಲ. ಅದಿರಲಿ, ಈ ಸುರಂಗ ನೋಡು. ಒಂದೇ ಸಲಕ್ಕೆ ಹೊಯ್ದದ್ದು."

ಸೊಸೆ ಹಲ್ಲು ಕಚ್ಚಿಕೊಂಡು ಒಳಗೆ ಹೋದಳು. ಬೆಟ್ಟದ ಹೊರಮೈಯೆಲ್ಲ ಪ್ಲಾಸ್ಟರಿಗೆ ಹಳೆ ಪತ್ರಿಕೆ, ಅಂಟು, ಚಹಾ ಚರಟ ಕಲಸಿ ಮೆತ್ತಿದ್ದು. ಮರಗಳೆಲ್ಲ ಅತ್ತೆಯ ಪಾತ್ರೆ ಉಜ್ಜುವ ಸ್ಪಂಜುಗಳು. ಸುರಂಗವನ್ನು ಮಾತ್ರ ಅಪ್ಪಟ ಪ್ಲಾಸ್ಟರಿನಲ್ಲಿ ದಪ್ಪಗೆ ಎರಕ ಹೊಯ್ದಿದ್ದರು, ಒಂದು ಗುಳ್ಳೆ ಇರಲಿಲ್ಲ. ಅದು ಚೆನ್ನಾಗಿದೆ ಎಂಬುದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತು.

ಆ ಸುರಂಗದ ಸುದ್ದಿ ಆಗಲೇ ಮನೆ ದಾಟಿ ಹೋಗಿತ್ತು. ಮಾವನ ಜೊತೆ ಕೆಲಸ ಮಾಡಿದ ಏಳು ಜನ ಮುದುಕರು ಫೋನಿನಲ್ಲಿ ಒಂದು ಗುಂಪು ಕಟ್ಟಿಕೊಂಡಿದ್ದರು. ದಿನಕ್ಕೆ ಎರಡು ಸಲ ಮಾವ ಅದರಲ್ಲಿ ಸುರಂಗದ ಬಗ್ಗೆ ಮಾತಾಡಿ ಕಳಿಸುತ್ತಿದ್ದರು. ಭಾನುವಾರ ನಾಲ್ಕು ಗಂಟೆಗೆ ವೀಡಿಯೋ ಕರೆಯಲ್ಲಿ ಉದ್ಘಾಟನೆ. ಏಳು ಜನಕ್ಕೂ ಒಂದೊಂದು ಸ್ಟೇಷನ್ನು ಹಂಚಿ ಆಗಿತ್ತು. ಮಾವ ಒಬ್ಬೊಬ್ಬರನ್ನೇ ಕೂಗಬೇಕು, ಅವರು "ಲೈನ್ ಕ್ಲಿಯರ್" ಎನ್ನಬೇಕು, ರೈಲು ಸುರಂಗ ಹೊಕ್ಕು ಹೊರಬರಬೇಕು. ಏಳು ಜನರಲ್ಲಿ ಒಬ್ಬ ಹಳೆಯ ಸಿಗ್ನಲ್‌ಮನ್. ಮಾವ ಏನೇ ಹೇಳಿದರೂ ತಡೆದು ನಿಲ್ಲಿಸುತ್ತಿದ್ದುದರಿಂದ ಅವನಿಗೆ ಕೆಂಪುದೀಪ ಎಂದೇ ಹೆಸರು. ಅವನು, "ಸುರಂಗವಂತೆ. ಷೂ ಡಬ್ಬಕ್ಕೆ ತೂತು ಕೊರೆದಿರ್ತಾನೆ" ಎಂದಿದ್ದ. ಮಾವನಿಗೆ ಭಾನುವಾರದ ಮೇಲೆ ಪ್ರಾಣವೇ ನಿಂತಿತ್ತು.

ಬುಧವಾರ ಬೆಳಗ್ಗೆ ಮಾವ ಮಾತು ನಿಲ್ಲಿಸಿದರು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಎರಡು ಬಾವುಟ ಹಿಡಿದುಕೊಂಡು ಕೋಣೆಯಿಂದ ಹೊರಬಂದರು. ಒಂದು ಹಸಿರು, ಒಂದು ಕೆಂಪು. ಚಹಾ ಬೇಕಾ ಎಂದರೆ ಹಸಿರು. ತಿಂಡಿ ಎಂದರೆ ಕೆಂಪು. ಯಾಕೆ ಮಾತಾಡುತ್ತಿಲ್ಲ ಎಂದರೆ ಎರಡನ್ನೂ ಸುತ್ತಿ ಕಂಕುಳಲ್ಲಿಟ್ಟುಕೊಂಡು ಒಳಗೆ ಹೋದರು. ಮಧ್ಯಾಹ್ನವೂ ಉಪವಾಸ.

ಸೊಸೆಯ ಗಂಡ ಭೂಗೋಳದ ಮೇಷ್ಟ್ರು, ಮಲಗುವ ಕೋಣೆಯಲ್ಲಿ ಕೂತು ಫೋನಿನಲ್ಲೇ ನದಿಗಳ ಪಾಠ ಮಾಡುತ್ತಿದ್ದವನು. ಊಟ ಬೇಡ, ಮಾತು ಬೇಡ, ಮನೆಯೊಳಗೂ ಮಾಸ್ಕು. ಊರಿಗೆ ಬೀಗ ಹಾಕಿಸಿದ ಕಾಯಿಲೆಯೇ ಇರಬೇಕೆಂದುಕೊಂಡ. ನದಿಯನ್ನು ಅರ್ಧದಲ್ಲೇ ಬಿಟ್ಟು ಸಹಾಯವಾಣಿಗೆ ಫೋನ್ ಮಾಡಿದ.

"ರುಚಿ ವಾಸನೆ ಗೊತ್ತಾಗುತ್ತಾ ಕೇಳಿ" ಎಂದಳು ಆ ಕಡೆಯ ಹುಡುಗಿ.

ಬಾಗಿಲ ಸಂದಿಯಿಂದ ಕೇಳಿದ. ಬಾವುಟ ಆಡಿತು.

"ಏನಂತಾರೆ?"

"ಹಸಿರು ಅಂತಾರೆ."

"ಏನ್ಸಾರ್?"

"ಬಾವುಟ ತೋರಿಸ್ತಾರೆ ಮೇಡಂ. ಹಸಿರು ಅಂದ್ರೆ ಹೌದು."

"ನಿಮಗೆ ಜ್ವರ ಇದೆಯಾ ಸಾರ್?" ಎಂದು ಹುಡುಗಿ ಮೆಲ್ಲಗೆ ಕೇಳಿದಳು.

ಮಗ ಆಂಬುಲೆನ್ಸಿನ ನಂಬರು ಬರೆದುಕೊಳ್ಳುವ ಹೊತ್ತಿಗೆ ಅತ್ತೆಗೆ ಇನ್ನು ತಡೆಯಲಾಗಲಿಲ್ಲ. ಸೊಸೆಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಸಕ್ಕರೆ ಡಬ್ಬದ ಹಿಂದಿನಿಂದ ಒಂದು ಕರವಸ್ತ್ರ ತೆಗೆದು ಬಿಚ್ಚಿದರು. ಒಳಗೆ ಮೇಲಿನ ಸಾಲಿನ ಹಲ್ಲಿನ ಸೆಟ್ಟು, ಎರಡು ಹೋಳು.

"ನಿಮ್ಮ ಮಾವಂದು. ಆರು ವರ್ಷ ಆಯ್ತು ಹಾಕಿಸ್ಕೊಂಡು. ಯಾರಿಗೂ ಹೇಳಕೂಡದು ಅಂತ ಆಣೆ ತಗೊಂಡಿದ್ರು. ಅದರಲ್ಲೂ ನಿನಗೆ."

"ಮುರಿದದ್ದು ಹೇಗೆ?"

"ಹಳಿ ಕೂಡಿಸೋ ತಗಡಿನ ಕ್ಲಿಪ್ಪು ಬಿಗಿ ಆಗ್ಲಿಲ್ವಂತೆ. ಇಕ್ಕಳ ಕೈಗೆ ಸಿಗಲಿಲ್ಲ ಅಂತ ಹಲ್ಲಲ್ಲಿ ಕಚ್ಚಿದ್ದಾರೆ."

ಸೊಸೆ ಹೋಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಿಡಿದವಳು ಹಾಗೇ ನಿಂತುಬಿಟ್ಟಳು. ಎಡಗಡೆಯ ಎರಡನೆಯ ಹಲ್ಲು ಕೂದಲೆಳೆಯಷ್ಟು ಒಳಕ್ಕೆ ತಿರುಗಿತ್ತು. ಹಲ್ಲುಗಳು ಕವಾಯತಿಗೆ ನಿಂತಂತೆ ನೇರ ಇದ್ದರೆ ಸುಳ್ಳೆಂದು ಗೊತ್ತಾಗುತ್ತದೆಂದು ಅವಳು ಪ್ರತಿ ಸೆಟ್ಟಿನಲ್ಲೂ ಆ ಒಂದು ಹಲ್ಲನ್ನು ಹೀಗೆ ತಿರುಗಿಸುತ್ತಿದ್ದಳು. ಲ್ಯಾಬಿನಲ್ಲಿ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಅವಳಿಗೆ ಆ ಕೆಲಸ ನೆನಪಾಯಿತು. ಊರಿನ ಆ ತುದಿಯ ಡಾಕ್ಟರೊಬ್ಬರಿಂದ ಬಂದಿದ್ದ ಅಚ್ಚು, ಜೊತೆಗೊಂದು ಚೀಟಿ: "ರೋಗಿಗೆ ಗಂಭೀರವಾದ ಹಲ್ಲು ಬೇಕಂತೆ." ಗಂಭೀರವಾದ ಹಲ್ಲು ಹೇಗಿರುತ್ತದೆಂದು ಲ್ಯಾಬಿನವರೆಲ್ಲ ಆವತ್ತು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು.

ಸೊಸೆಗೆ ಗೊತ್ತಾಗಬಾರದೆಂದು ಮಾವ ಎರಡು ಬಸ್ ಬದಲಾಯಿಸಿ ಊರಿನ ಆ ತುದಿಗೆ ಹೋಗಿ ಹಲ್ಲು ಕಟ್ಟಿಸಿಕೊಂಡಿದ್ದರು. ಆ ಹಲ್ಲು ಬಂದದ್ದು ಅವಳ ಮೇಜಿನಿಂದಲೇ. ಆರು ವರ್ಷ ಅವಳನ್ನು ಬೈದದ್ದೆಲ್ಲ ಅವಳೇ ಕೂಡಿಸಿದ ಹಲ್ಲುಗಳ ಸಂದಿಯಿಂದ. ನಗಬೇಕೋ ಅಳಬೇಕೋ ತಿಳಿಯದೆ ಅವಳು ಅತ್ತೆಯ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ರಿಪೇರಿ ಅವಳಿಗೆ ದೊಡ್ಡ ಮಾತಲ್ಲ. ಗುಲಾಬಿ ಪುಡಿ, ಅದನ್ನು ಕಲಸುವ ದ್ರವ, ಬಾಯಿಯ ಅಚ್ಚು ತೆಗೆಯುವ ಪುಡಿ, ಎಲ್ಲ ಅವಳ ಚೀಲದಲ್ಲಿದ್ದವು. ಆದರೆ ನಡುವಿನ ಒಂದು ಚೂರು ಪುಡಿಯಾಗಿ ಹೋಗಿತ್ತು. ಹೋಳುಗಳನ್ನು ಬಾಯಲ್ಲಿಟ್ಟು ಅಚ್ಚು ತೆಗೆದು, ಅದಕ್ಕೆ ಪ್ಲಾಸ್ಟರ್ ಹೊಯ್ದು, ಆ ಪಡಿಯಚ್ಚಿನ ಮೇಲೆಯೇ ಬೆಸೆಯಬೇಕು. ಅಂದರೆ ಮಾವ ಬಾಯಿ ಬಿಡಬೇಕು. ಪ್ಲಾಸ್ಟರೂ ಬೇಕು. ಅಂಗಡಿಗಳು ಮುಚ್ಚಿದ್ದವು, ಲ್ಯಾಬಿನ ಬೀಗದ ಕೈ ಬೇರೆ ಊರಿನಲ್ಲಿತ್ತು.

ಒಂದು ದಾರಿ ಇತ್ತು. ಗಟ್ಟಿಯಾದ ಪ್ಲಾಸ್ಟರನ್ನು ಕುಟ್ಟಿ ಪುಡಿ ಮಾಡಿ ಬಾಣಲೆಯಲ್ಲಿ ಹುರಿದರೆ ಒಳಗಿನ ನೀರು ಹೋಗಿ ಅದು ಮತ್ತೆ ಪ್ಲಾಸ್ಟರಾಗುತ್ತದೆ. ಕೆಲಸ ಕಲಿಯುವ ಕಾಲದಲ್ಲಿ ಅವಳ ಹಿರಿಯ ಮೇಸ್ತ್ರಿ ತೋರಿಸಿಕೊಟ್ಟಿದ್ದ. ಆದರೆ ಅಂಟು, ಚಹಾ ಚರಟ ಬೆರೆತದ್ದು ನಡೆಯುವುದಿಲ್ಲ. ಮನೆಯಲ್ಲಿ ಅಪ್ಪಟವಾಗಿ ಉಳಿದಿದ್ದದ್ದು ಸುರಂಗ ಒಂದೇ.

ಅವಳು ಮೇಜಿನ ಹತ್ತಿರ ಹೋದಾಗ ಮಾವ ಸ್ಪಂಜಿನ ಮರ ನೆಡುತ್ತಿದ್ದರು. ಕರವಸ್ತ್ರ ಬಿಚ್ಚಿ ಮುಂದಿಟ್ಟಳು. ಕೆಂಪು ಬಾವುಟ ಎದ್ದಿತು.

"ಇಳಿಸಿ ಮಾವ. ಇದನ್ನ ಮಾಡಿದ್ದು ನಾನೇ."

ಮಾವ ಮಾಸ್ಕಿನೊಳಗಿಂದ, "ಫುಳ್ಳು" ಎಂದರು. ಸುಳ್ಳು ಎನ್ನುವಷ್ಟು ಹಲ್ಲೂ ಬಾಯಲ್ಲಿರಲಿಲ್ಲ.

"ಎಡಗಡೆ ಎರಡನೇದು ಒಂಚೂರು ತಿರುಗಿದೆ, ನಾಲಗೆಗೆ ಗೊತ್ತಾಗ್ತಿರಬೇಕು. ಗಂಭೀರವಾದ ಹಲ್ಲು ಬೇಕು ಅಂತ ನೀವು ಡಾಕ್ಟರ ಹತ್ರ ಬರೆಸಿದ್ರಿ."

ಮಾವನ ಕಿವಿಗಳು ಕೆಂಪಾದವು. ಪ್ಲಾಸ್ಟರಿನ ವಿಷಯವನ್ನೂ ಅವಳು ಸುತ್ತುಬಳಸದೆ ಹೇಳಿದಳು. ಭಾನುವಾರಕ್ಕೆ ಹಲ್ಲು ಬೇಕಾದರೆ ಸುರಂಗ ಹೋಗಬೇಕು. ಸುರಂಗ ಇರಬೇಕಾದರೆ ಏಳು ಜನರ ಮುಂದೆ ಬಾವುಟ ಆಡಿಸಬೇಕು. "ನೀವೇ ಯೋಚನೆ ಮಾಡಿ" ಎಂದಳು.

ಮಾವ ಬಹಳ ಹೊತ್ತು ಬೆಟ್ಟ ನೋಡಿದರು. ಆಮೇಲೆ ಎದ್ದು ತಮ್ಮ ಹಳೆಯ ಸುತ್ತಿಗೆ ತಂದರು. ಒಡೆಯುವ ಮೊದಲು ಅಭ್ಯಾಸಬಲದಿಂದ ಕಿವಿ ಹತ್ತಿರವಿಟ್ಟು ಮೆಲ್ಲಗೆ ತಟ್ಟಿ ಕೇಳಿದರು. "ಇಲ್ಲಿ ಗಟ್ಟಿ ಇದೆ, ತಗೋ" ಎಂದು ತಾವೇ ಒಡೆದು ಕೊಟ್ಟರು. ಆ ಹೊತ್ತಿನಲ್ಲಿ ಸೊಸೆಗೆ ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅವಳು ಚೂರುಗಳನ್ನು ಒಂದೂ ಬೀಳದಂತೆ ಬಟ್ಟಲಿಗೆ ಹಾಕಿಕೊಂಡಳು.

ಅತ್ತೆ ಒಲೆಯ ಮುಂದೆ ನಿಂತು ಸುರಂಗವನ್ನು ಹುರಿದರು. "ಎಷ್ಟು ಕೆಂಪಗಾಗಬೇಕೇ?" ಎಂದು ಕೇಳಿದರು. ಕೆಂಪಗಾಗುವುದಿಲ್ಲ, ಒಣ ಪುಡಿಯೇ ಹಾಲಿನ ಹಾಗೆ ಕುದಿಯುತ್ತದೆ, ಕುದಿ ನಿಂತ ಮೇಲೆ ಇಳಿಸಿ ಎಂದಳು ಸೊಸೆ. ನಿಜವಾಗಿಯೂ ಕುದಿಯಿತು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು ದೂರದಿಂದಲೇ ಸೌಟು ಆಡಿಸಿದರು.

ಶುಕ್ರವಾರ ಬೆಳಗ್ಗೆ ಕಿಟಕಿಯ ಪಕ್ಕ ಕುರ್ಚಿ ಹಾಕಿ ಮಾವನನ್ನು ಕೂರಿಸಿದಳು. ಮಾವ ಮಾಸ್ಕ್ ಇಳಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಿ ಬಿಟ್ಟರು. ಅವಳು ಟಾರ್ಚ್ ಹಾಕಿದಳು. ಬಲಗಡೆ ವಸಡಿನ ಮೇಲೆ ಹುಣ್ಣು, ಆಗಾಗ ಮಾದು ಮತ್ತೆ ಎದ್ದು ಗಂಟಾದ ಹುಣ್ಣು. ಸೆಟ್ಟಿನ ಅಂಚು ಒತ್ತುವ ಜಾಗ ಅದು. ಆ ಅಚ್ಚು ಬಂದಾಗಲೇ ಬಲಗಡೆ ಸ್ವಲ್ಪ ಅಲುಗಿದ್ದು ಅವಳಿಗೆ ಕಂಡಿತ್ತು. ವಾಪಸು ಕಳಿಸಿ ಮತ್ತೊಂದು ತೆಗೆಸಬೇಕಿತ್ತು. ಆ ವಾರ ಕೆಲಸ ಜಾಸ್ತಿ ಎಂದು ಹಾಗೇ ಮಾಡಿ ಮುಗಿಸಿದ್ದಳು.

"ಇದು ಎಷ್ಟು ದಿನದಿಂದ ಮಾವ?"

"ಮೊದಲಿಂದ."

"ಆರು ವರ್ಷ? ಡಾಕ್ಟರಿಗೆ ಹೇಳಬಾರದಿತ್ತಾ?"

"ಹೊಫದು, ಒತ್ತುತ್ತೆ ಅಂದ್ಕೊಂಡೆ" ಎಂದರು ಮಾವ.

"ನನ್ನ ತಪ್ಪು ಮಾವ. ಅಚ್ಚು ಸರಿ ಇಲ್ಲ ಅಂತ ಗೊತ್ತಿದ್ದೂ ಮಾಡಿದೆ."

ಮಾವ ಕಣ್ಣು ತೆರೆದು ಅವಳನ್ನು ನೋಡಿದರು. ಸಡಿಲ ಬೋಲ್ಟು ಬಿಟ್ಟ ಕೆಲಸಗಾರನನ್ನು ಅವರು ಅಲ್ಲೇ ನಿಲ್ಲಿಸಿ ಅರ್ಧ ಗಂಟೆ ಬೈಯುತ್ತಿದ್ದರಂತೆ. ಅವಳು ಅದಕ್ಕೆ ಸಿದ್ಧಳಾಗಿಯೇ ನಿಂತಳು. ಮಾವ ಮತ್ತೆ ಕಣ್ಣು ಮುಚ್ಚಿ, ಮೊದಲಿಗಿಂತ ದೊಡ್ಡದಾಗಿ ಬಾಯಿ ಬಿಟ್ಟರು. ಬೈದಿದ್ದರೆ ಒಳ್ಳೆಯದಿತ್ತು ಎನಿಸಿತು ಅವಳಿಗೆ. ಶನಿವಾರ ಪೂರ್ತಿ ಬಾಲ್ಕನಿಯಲ್ಲಿ ಕೂತು ಬೆಸೆದಳು, ಉಜ್ಜಿದಳು, ಬಲಗಡೆಯ ಅಂಚನ್ನು ನಾಲ್ಕು ಸಲ ಅರೆದು, ನಾಲ್ಕು ಸಲವೂ ಬಾಯಲ್ಲಿಟ್ಟು ನೋಡಿದಳು.

ಭಾನುವಾರ ನಾಲ್ಕು ಗಂಟೆ. ಸಕ್ಕರೆ ಡಬ್ಬಕ್ಕೆ ಒರಗಿಸಿದ ಫೋನಿನಲ್ಲಿ ಏಳು ಮುಖ. ಮಾವ ಇಸ್ತ್ರಿ ಅಂಗಿ ತೊಟ್ಟು ಒಂದೊಂದೇ ಸ್ಟೇಷನ್ನು ಕೂಗಿದರು. ಸಕಾರ ಷಕಾರಗಳೆಲ್ಲ ಗಂಟೆ ಹೊಡೆದಂತೆ ಸ್ಪಷ್ಟ. ಏಳು ಲೈನ್ ಕ್ಲಿಯರ್ ಬಂದವು. ರೈಲು ಹೊರಟು, ಬೆಟ್ಟದ ನಡುವಿನ ಬಟಾಬಯಲನ್ನು ದಾಟಿ, ವಾಪಸು ಬಂತು.

"ಎಲ್ಲಿ ಸುರಂಗ?" ಎಂದ ಕೆಂಪುದೀಪ.

ಉಳಿದವರು ಆಗಲೇ ನಗತೊಡಗಿದ್ದರು. ಇಲಿ ಕೆಡವಿತು ಎನ್ನಬಹುದಿತ್ತು. ಬಾಗಿಲ ಬಳಿ ನಿಂತ ಸೊಸೆ, ಹಾಗಂದುಬಿಡಲಿ ದೇವರೇ ಎಂದುಕೊಂಡಳು. ಮಾವ ಅವಳತ್ತ ನೋಡಿದರು. ಬಾಯಿಗೆ ಕೈ ಹಾಕಿ ಸೆಟ್ಟು ತೆಗೆದು ಫೋನಿನ ಮುಂದೆ ಹಿಡಿದು, "ಫುರಂಗ ಇದಕ್ಕೆ ಹೋಯ್ತು" ಎಂದರು. ಮತ್ತೆ ಒಳಗಿಟ್ಟುಕೊಂಡು, ತಡೆದು ತಡೆದು ಹೇಳಿದರು: "ನನ್ನ ಸೊಸೆ ಮಾಡಿದ್ದು. ಬೆಟ್ಟ ನಾನು ಕಟ್ಟಿದ್ದೆ, ನೋಡೋಕೆ. ಇದರಲ್ಲಿ ನಾನು ಊಟ ಮಾಡ್ತೀನಿ. ನಿಮ್ಮ ಹತ್ರ ಮಾತಾಡ್ತೀನಿ. ಇಂಥ ಕೆಲಸ ನಾನು ಸರ್ವಿಸಿನಲ್ಲಿ ಒಂದೂ ಮಾಡಿಲ್ಲ."

ಯಾರೂ ನಗಲಿಲ್ಲ. ಸೊಸೆಗೆ ಕಣ್ಣು ತುಂಬಿ ಫೋನಿನ ಏಳು ಮುಖಗಳೂ ಕಲಸಿಹೋದವು. ಅಷ್ಟರಲ್ಲಿ ಕೆಂಪುದೀಪ ಕೆಮ್ಮಿ, ದನಿ ತಗ್ಗಿಸಿ, "ನಂದು ಕೆಳಗಿನ ಸಾಲು ಮೂರು ವರ್ಷದಿಂದ ಒತ್ತುತ್ತೆ ಕಣಯ್ಯ. ಸೊಸೆಗೆ ಸ್ವಲ್ಪ ತೋರಿಸ್ಲಾ?" ಎಂದ. ಪಕ್ಕದ ಚೌಕದವನು ತನ್ನದು ಊಟ ಮಾಡುವಾಗ ಕಳಚುತ್ತದೆ ಎಂದ. ನೋಡನೋಡುತ್ತ ಫೋನಿನಲ್ಲಿ ಮುಖಗಳೇ ಕಾಣದಾದವು, ಐದು ಬಾಯಿಗಳು ಅಗಲವಾಗಿ ತೆರೆದುಕೊಂಡವು.

ಸೊಸೆ ಮೂಗೊರೆಸಿಕೊಂಡು ಮುಂದೆ ಬಂದು, "ಒಬ್ಬೊಬ್ಬರೇ, ಬೆಳಕಿಗೆ ತಿರುಗಿ" ಎಂದಳು. ಬರೆದುಕೊಳ್ಳಲು ಏನಾದರೂ ಬೇಕಿತ್ತು. ಮಾವ ರೈಲು ನಿಲ್ಲಿಸಿ, ಒಳಗಿಂದ ನೋಟ್‌ಬುಕ್ಕು, ಪೆನ್ನು ತಂದು, ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. "ನೀನು ಹೇಳು, ನಾನು ಬರ್ಕೋತೀನಿ" ಎಂದರು.