ಬಾಯ್ತುಂಬ ಮೊಳೆ

ನಮ್ಮ ಕಸುಬಿನಲ್ಲಿ ಮೊಳೆ ಇಡುವ ಜಾಗ ಬಾಯಿ. ಹಳೆಯ ಕುರ್ಚಿಗೆ ಹೊಸ ಬಟ್ಟೆ ಎಳೆದು ಕೂರಿಸುವಾಗ ಒಂದು ಕೈ ಬಟ್ಟೆಯನ್ನು ಬಿಗಿಹಿಡಿದಿರುತ್ತದೆ, ಇನ್ನೊಂದರಲ್ಲಿ ಅಯಸ್ಕಾಂತದ ಸುತ್ತಿಗೆ. ಮೊಳೆ ಹಿಡಿಯಲು ಮೂರನೆಯ ಕೈ ಎಲ್ಲಿಂದ ತರುವುದು? ಅದಕ್ಕೇ ಇಪ್ಪತ್ತು ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಂಡು ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಳ್ಳುತ್ತೇವೆ. ಸುತ್ತಿಗೆ ಬಂದು ಮುತ್ತಿಟ್ಟು ಎತ್ತಿಕೊಂಡು ಹೋಗುತ್ತದೆ. ಹೊಸಬರು ನೋಡಿದರೆ ಹೆದರುತ್ತಾರೆ. ಹದಿನಾಲ್ಕು ವರ್ಷಗಳಲ್ಲಿ ನಾನು ನುಂಗಿರುವುದು ಎರಡೇ.

ಅಂಗಡಿಯಲ್ಲಿ ನಾವು ಮೂವರು. ನಾನು, ಹೊಲಿಗೆ ಯಂತ್ರದ ಹಿಂದೆ ನನ್ನ ಅತ್ತೆ, ಮತ್ತು ಮೊಳೆ. ಅದು ಅವಳ ಅಡ್ಡಹೆಸರು. ಬಾಯಿ ಖಾಲಿ ಇದ್ದಾಗ ಅವಳನ್ನು ಕಂಡವರು ಕಡಿಮೆ. ಶಾಲೆ ಬಿಟ್ಟ ಮೇಲೆ ನನ್ನ ಮಗಳೂ ಬಂದು, ಹೊಟ್ಟೆ ಬಗೆದ ಯಾವುದಾದರೊಂದು ಸೋಫಾದೊಳಗೆ ಕೂತು ಪಾಠ ಬರೆಯುತ್ತಾಳೆ. ಮೊಳೆ ಬಂದು ಆರು ವರ್ಷ. ಸ್ಪ್ರಿಂಗಿನ ಮೇಲೆ ಅಂಗೈ ಒತ್ತಿದರೆ ಸಾಕು, ಆ ಕುರ್ಚಿಯಲ್ಲಿ ಕೂರುವವರು ಎಡಕ್ಕೆ ವಾಲುತ್ತಾರೋ ಬಲಕ್ಕೋ ಹೇಳಿಬಿಡುತ್ತಾಳೆ.

ಒಂದು ಮಂಗಳವಾರ ಸಿನಿಮಾ ಮಂದಿರದ ಮ್ಯಾನೇಜರ್ ಬಂದರು. ತೊಂಬತ್ತು ಸೀಟು, ಆರು ವಾರ. ನಮ್ಮಂಥ ಪುಟ್ಟ ಅಂಗಡಿ ಒಂದು ವರ್ಷ ನೆಮ್ಮದಿಯಾಗಿ ಉಸಿರಾಡುವಷ್ಟು ಕೆಲಸ. ಆದರೆ ಮೊಳೆಯಿಲ್ಲದೆ ಒಂಬತ್ತು ಸೀಟೂ ಏಳುವುದಿಲ್ಲ. ನಿಂತಲ್ಲಿಂದಲೇ ಕೂಗಿದೆ.

“ಆರು ವಾರ, ತೊಂಬತ್ತು ಸೀಟು. ಜೊತೆಗಿರ್ತೀಯಲ್ವಾ?”

ಮೊಳೆ ಒಂದು ಆರಾಮಕುರ್ಚಿಯ ಕೆಳಗೆ ಅರ್ಧ ಮೈ ತೂರಿಸಿ ಮಲಗಿದ್ದಳು. ಅಲ್ಲಿಂದ “ಊಂ” ಎಂದು ಬಂತು.

ಇನ್ನೇನು ಬೇಕು? ಮ್ಯಾನೇಜರ್ ಕೈ ಕುಲುಕಿ ಹೋದರು.

ಗುರುವಾರ ಬೆಳಿಗ್ಗೆ ಮೊಳೆ ಖಾಲಿ ಬಾಯಲ್ಲಿ ಬಂದು ನನ್ನ ಮುಂದೆ ನಿಂತಳು. ಅಷ್ಟಕ್ಕೇ ನಾನು ಸುತ್ತಿಗೆ ಕೆಳಗಿಟ್ಟೆ.

“ಅಕ್ಕ, ಈ ತಿಂಗಳು ಮುಗಿದ ಮೇಲೆ ನಾನು ಬರಲ್ಲ. ಮೂಲೇಲಿ ಗಡಿಯಾರದ ಅಂಗಡಿ ಖಾಲಿ ಆಯ್ತಲ್ಲ, ಅದನ್ನ ತಗೋತಿದ್ದೀನಿ. ಶನಿವಾರ ಬೀಗದ ಕೈ ಕೊಡ್ತಾರೆ.”

“ಅಲ್ಲಾ, ಮೊನ್ನೆ ಹೂಂ ಅಂದ್ಯಲ್ಲ!”

“ಊಹೂಂ ಅಂದೆ.”

“ನಂಗೆ ಹೂಂ ಅಂತ ಕೇಳಿಸ್ತು!”

“ಬಾಯ್ತುಂಬ ಮೊಳೆ ಇದ್ರೆ ಊಹೂಂ ಅರ್ಧಕ್ಕೇ ನಿಂತುಹೋಗುತ್ತೆ ಅಕ್ಕ. ಪೂರ್ತಿ ಅನ್ನೋಕೆ ಹೋದ್ರೆ ನುಂಗ್ಬೇಕಾಗುತ್ತೆ.”

ಹೊಲಿಗೆ ಯಂತ್ರ ನಿಂತಿತು. “ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ಲು ನನ್ನ ಸೊಸೆ,” ಎಂದರು ಅತ್ತೆ. “ಅದೂ ತೊಂಬತ್ತು ಕುಲಾವಿ.”

ಅವಳನ್ನು ಉಳಿಸಿಕೊಳ್ಳಲು ಅಂದು ನಾನು ಮಾಡದ ಕಸರತ್ತಿಲ್ಲ. ಸಂಬಳ ಹೆಚ್ಚಿಸುತ್ತೇನೆ ಎಂದೆ. ತಲೆಯಾಡಿಸಿದಳು, ಅಡ್ಡಡ್ಡ. ಮೇಲ್ವಿಚಾರಕಿ ಅಂತ ಮಾಡುತ್ತೇನೆ ಎಂದೆ.

“ಯಾರ ಮೇಲೆ?”

ಇಬ್ಬರೂ ಅತ್ತೆಯ ಕಡೆ ನೋಡಿದೆವು.

“ನನ್ನ ಮೇಲೆ ವಿಚಾರ ಮಾಡೋಕೆ ಬಂದವರು ಯಾರೂ ಉದ್ಧಾರ ಆಗಿಲ್ಲ,” ಎಂದರು ಅತ್ತೆ. “ನಿನ್ನ ಮಾವನ್ನೂ ಸೇರಿಸಿ.”

ಕೊನೆಗೆ ತಾಳ್ಮೆ ಕೆಟ್ಟು, “ಕೆಲಸ ಕಲಿಸಿದ್ದು ಯಾರು ಅಂತ ನೆನಪಿರಲಿ,” ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

“ನೆನಪಿದೆ. ಅದಕ್ಕೇ ನಿಮ್ಮ ಅಂಗಡಿಗೆ ಬರೋ ಕೆಲಸ ಒಂದನ್ನೂ ನಾನು ಅಲ್ಲಿ ಮುಟ್ಟಲ್ಲ,” ಎಂದು ಮೊಳೆ ಊಟಕ್ಕೆ ಹೊರಟುಹೋದಳು.

ಅತ್ತೆ ಕನ್ನಡಕ ತೆಗೆದರು. “ಕೇಳಿಸ್ಕೊಂಡ್ಯಾ? ಆರು ವರ್ಷ ‘ನಮ್ಮ ಅಂಗಡಿ’ ಅಂತಿದ್ಲು. ಈಗ ‘ನಿಮ್ಮ ಅಂಗಡಿ’ ಆಯ್ತು.”

“ಹೊರಟಿದ್ದಾಳಲ್ಲ ಅತ್ತೆ, ಇನ್ನೇನಂತಾಳೆ?”

“ಮೊದಲು ಮಾತು ಹೊರಡುತ್ತೆ, ಕಾಲು ಆಮೇಲೆ. ನಮ್ಮದು ನಿಮ್ಮದು ಆಗಿದ್ದು ಯಾವಾಗ ಅಂತ ಕೇಳು. ಎಷ್ಟು ಬೇಕು ಅಂತ ಕೇಳಬೇಡ.”

ಅತ್ತೆ ಹೇಳಿದ್ದು ಸರಿಯೆಂದು ಒಪ್ಪಿಕೊಳ್ಳುವುದು ನನ್ನಿಂದ ವರ್ಷಕ್ಕೊಮ್ಮೆ ಆಗುತ್ತದೆ. ಆ ವರ್ಷದ್ದನ್ನು ಅಂದೇ ಖರ್ಚು ಮಾಡಿದೆ. ಮೊಳೆ ಊಟ ಮುಗಿಸಿ ಬಂದಾಗ ಅವಳ ಪಕ್ಕ ನೆಲದ ಮೇಲೆ ಕೂತು, “ಯಾವಾಗಿಂದ ಮನಸ್ಸು ಮುರೀತು?” ಎಂದು ಕೇಳಿದೆ.

ಅವಳು ಕತ್ತರಿ ಒರೆಸಿ ಪಕ್ಕಕ್ಕಿಟ್ಟಳು. “ಹಲ್ಲಿನ ಡಾಕ್ಟರ್ ಕುರ್ಚಿ ಬಂದಿತ್ತಲ್ಲ, ಆವತ್ತಿಂದ. ನಾನೇ ಮಾಡಿದ ಒರಗುಮಣೆ ಬಗ್ಗೆ ಹೇಳ್ದೆ. ಇಲ್ಲೇ ಮಾಡಿ ಇಲ್ಲೇ ಮಾರೋಣ್ವಾ ಅಂತ ಕೇಳ್ದೆ. ನೀವು ಊಹೂಂ ಅಂದ್ರಿ.”

“ನಾನಾ? ಬಾಯಲ್ಲಿ ಮೊಳೆ ಇತ್ತಾ?”

“ತುಂಬ.”

ಹಾಗಾದರೆ ಅದು ಹೂಂ ಆಗಿತ್ತು ಎನ್ನಲು ಬಾಯಿ ತೆರೆದೆ. ಎಷ್ಟು ಸಲೀಸು! ಅವಳದು ನನಗೆ ತಪ್ಪಾಗಿ ಕೇಳಿಸಿತು, ನನ್ನದು ಅವಳಿಗೆ, ಅಲ್ಲಿಂದಲ್ಲಿಗೆ ಸರಿಹೋಯಿತು. ಆದರೆ ನಿಜವೇನೆಂದರೆ ಆ ಮಾತು ನನಗೆ ನೆನಪೇ ಇರಲಿಲ್ಲ. ಮನೆಯಲ್ಲಿ ಪಾತ್ರೆ ತೊಳೆಯುತ್ತ, ಬೆನ್ನ ಹಿಂದೆ ಮಗಳು ಹೇಳುವ ಉದ್ದುದ್ದ ಕಥೆಗಳಿಗೆ ಊಂ ಊಂ ಅನ್ನುತ್ತೇನಲ್ಲ, ಹಾಗೆ ಅಂದಿರಬೇಕು. ಅದು ಹೂಂ ಅಲ್ಲ, ಊಹೂಂ ಕೂಡ ಅಲ್ಲ. ಈಗ ಬಿಡು ತಾಯಿ, ಸುಸ್ತಾಗಿದೆ ಅಂತ ಅದರರ್ಥ.

“ಏನಂದೆನೋ ಗೊತ್ತಿಲ್ಲ,” ಎಂದೆ. “ಕೇಳಿಸ್ಕೊಂಡೇ ಇರಲಿಲ್ಲ ಅನ್ಸುತ್ತೆ.”

ಮೊಳೆ ಅಂದು ಮೊದಲ ಸಲ ನನ್ನ ಮುಖ ನೋಡಿದಳು. “ಊಹೂಂ ಅಂದಿದ್ರೇ ವಾಸಿ ಇತ್ತು.”

“ಎಲ್ಲಿದೆ ಅದು? ತೋರಿಸ್ತೀಯಾ?”

ಸ್ಪಂಜಿನ ಸುರುಳಿಗಳ ಹಿಂದಿನಿಂದ ಎಳೆದು ತಂದಳು. ಸೊಂಟದೆತ್ತರದ ಮೂರು ಕಾಲು, ಮೇಲೆ ಮುಂದಕ್ಕೆ ಇಳಿಜಾರಾದ ಒಂದು ಮೆತ್ತೆ, ಉಳಿದ ಚರ್ಮದ ತುಂಡುಗಳನ್ನು ಜೋಡಿಸಿ ಹೊಲಿದದ್ದು. ಅವಳ ಚಿಕ್ಕಮ್ಮ ಕ್ಷೌರದಂಗಡಿಯಲ್ಲಿ ದಿನವಿಡೀ ನಿಂತು ಕೂದಲು ಕತ್ತರಿಸುತ್ತಾರೆ. ಅವರಿಗೆಂದು ಮಾಡಿದ್ದಂತೆ. ಕೂರುವಂತಿಲ್ಲ, ನಿಂತೇ ಒರಗಬೇಕು. ಒರಗಿದೆ. ಎರಡನೆಯ ಬಸಿರಿನಂತೆ ನಾನು ಹೊತ್ತುಕೊಂಡೇ ಓಡಾಡುತ್ತಿದ್ದ ಸೊಂಟದ ನೋವು ‘ಅಯ್ಯಪ್ಪಾ’ ಎಂದು ಕೆಳಗಿಳಿಯಿತು.

“ಏಳ್ತೀಯೋ, ನಮಗೂ ಒಂದ್ಸಲ ಸಿಗುತ್ತೋ?” ಎಂದರು ಅತ್ತೆ.

ಅಂಗಡಿಯ ಮುಂದಿನ ಗಾಜಿನ ಕಿಟಕಿಯಲ್ಲಿ ನಾನೇ ಮೂರು ತಿಂಗಳು ಕೂತು ರಿಪೇರಿ ಮಾಡಿದ, ಯಾರು ಕೇಳಿದರೂ ಮಾರದ ಸಿಂಹಾಸನದಂಥ ಕುರ್ಚಿಯಿತ್ತು. ಅದನ್ನು ಒಳಕ್ಕೆ ಎಳೆದು ಆ ಜಾಗದಲ್ಲಿ ಒರಗುಮಣೆ ಇಟ್ಟೆ.

“ಕಿಟಕಿ ನಿಂದು. ಪ್ರತಿ ಗುರುವಾರ ಪೂರ್ತಿ ನಿಂದು, ಮಣೆ ಮಾಡೋಕೆ. ಅದರ ಮೇಲೆ ನಿನ್ನ ಗುರುತು ಹಾಕು, ನಂದು ಬೇಡ. ಮುಂದೆ ದೊಡ್ಡದಾಗಿ ಬೆಳೆದು ಹೊರಗೆ ಹೋಗೋದಾದ್ರೆ ಹೋಗು, ಮೂರು ತಿಂಗಳು ಮುಂಚೆ ಹೇಳು. ತೊಂಬತ್ತು ಸೀಟಿಗೋಸ್ಕರ ಇದೆಲ್ಲ ಹೇಳ್ತಿಲ್ಲ ಅಂದ್ರೆ ಸುಳ್ಳಾಗುತ್ತೆ. ಅದಕ್ಕೂ ಹೇಳ್ತಿದ್ದೀನಿ.”

“ಯಾರೂ ತಗೊಳ್ಳದಿದ್ರೆ?”

“ಮೊದಲನೇದು ನಂಗೆ.”

“ನಂಗೆ ಬೇರೆ ಬಣ್ಣದ್ದು,” ಎಂದರು ಅತ್ತೆ.

ಮೊಳೆ ನಗಲಿಲ್ಲ. “ಯೋಚನೆ ಮಾಡ್ತೀನಿ,” ಎಂದಳು.

ಶನಿವಾರ ಅವಳು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಹತ್ತು ನಿಮಿಷ ಕಳೆಯಿತು, ಇಪ್ಪತ್ತಾಯಿತು. ಕಸ ಗುಡಿಸುವ ನೆಪದಲ್ಲಿ ನಾನು ಬೀದಿಗಿಳಿದು ಮೂಲೆಯ ಅಂಗಡಿಯ ಕಡೆ ಕತ್ತು ಚಾಚಿದೆ. ಬಾಗಿಲು ಅರ್ಧ ತೆರೆದಿತ್ತು. ಮ್ಯಾನೇಜರಿಗೆ ಯಾವ ಮುಖ ತೋರಿಸಲಿ ಎಂದು ಲೆಕ್ಕ ಹಾಕುತ್ತಿದ್ದಂತೆ ಅವಳು ಅಲ್ಲಿಂದ ಹೊರಬಂದು, ನೆಟ್ಟಗೆ ನನ್ನ ಕಡೆಗೇ ನಡೆದು ಬಂದಳು. ಎರಡೂ ಕೈ ಖಾಲಿ.

“ಬೀಗದ ಕೈ ಬೇಡ ಅಂತ ಹೇಳಿಬಂದೆ. ಈಗ್ಲೇ ಕುಣೀಬೇಡಿ, ಒಂದು ಷರತ್ತಿದೆ. ಗುರುವಾರಕ್ಕೆ ನಂಗೊಬ್ರು ಕೆಲಸದವರು ಬೇಕು.”

“ಎಲ್ಲಿ ಹುಡುಕೋದು?”

“ಹುಡುಕೋದ್ಯಾಕೆ? ನೀವಿದ್ದೀರಲ್ಲ.”

ಒಳಗೆ ಅತ್ತೆ ನಕ್ಕ ರಭಸಕ್ಕೆ ಯಂತ್ರದ ದಾರ ತುಂಡಾಯಿತು.

ತೊಂಬತ್ತು ಸೀಟು ಆರು ವಾರ ಎರಡು ದಿನಕ್ಕೆ ಮುಗಿದವು. ಗುರುವಾರಗಳಂದು ನಾನು ಕೆಲಸದವಳು. ಹೊತ್ತಿಗೆ ಸರಿಯಾಗಿ ಬರಬೇಕು, ಹೇಳಿದ ಅಳತೆಗೇ ಕತ್ತರಿಸಬೇಕು. ಮೂರನೆಯ ಗುರುವಾರ ನನಗೊಂದು ಯೋಚನೆ ಹೊಳೆಯಿತು: ಒರಗುಮಣೆಯ ಹಿಂದೆ ಒಂದು ಪುಟ್ಟ ಚೀಲ ಹೊಲಿದರೆ ಹೇಗೆ? ಬೆಳಿಗ್ಗೆಯಿಂದ ಹೇಳಲೋ ಬೇಡವೋ ಎಂದು ಒದ್ದಾಡಿ, ಮಧ್ಯಾಹ್ನ ಧೈರ್ಯ ಮಾಡಿ ಹೇಳಿದೆ. ನನ್ನದೇ ಅಂಗಡಿಯಲ್ಲಿ ನಾನೇ ಅಪ್ಪಣೆ ಕೇಳಿ ಮಾತಾಡಿದೆ. ಮೊಳೆ ಕೆಲಸ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು. ಮಣೆಯನ್ನು ತಿರುಗಿಸಿ, ಹಿಂಬದಿಯನ್ನು ಎರಡು ಸಲ ನೋಡಿದಳು.

“ಬೇಡ ಅಕ್ಕ. ಚೀಲ ಇದ್ರೆ ಜನ ಸಾಮಾನು ತುಂಬ್ತಾರೆ. ಹಿಂದಕ್ಕೆ ವಾಲುತ್ತೆ.”

ಒಂದು ಗಂಟೆ ಮುಖ ಊದಿಸಿಕೊಂಡಿದ್ದೆ. ಆಮೇಲೆ, ಚೀಲ ಪಕ್ಕದಲ್ಲಿದ್ದರೆ ವಾಲುವುದಿಲ್ಲವಲ್ಲ ಎಂದು ಹೊಳೆಯಿತು. ಹಾಳೆಯ ಮೇಲೆ ಚಿತ್ರ ಬಿಡಿಸಿ ಇಟ್ಟುಕೊಂಡಿದ್ದೇನೆ. ಗುರುವಾರ ಬರಲಿ.